ಮೊದಲನೇ ರೀಲು

‘ಮೇಲ್ಮಹಡಿಯ ದೀಪ’ ಎಂಬ ಸಿನಿಮಾವನ್ನು ನೋಡುವ ಮೊದಲೇ ನನಗೆ ಅದು ಬಾಯಿಪಾಠವಾಗಿತ್ತು. ದೊಡ್ಡಮ್ಮ ಒಣಗಿದ ಬಟ್ಟೆ ಮಡಿಸುವಾಗಲೆಲ್ಲ ಅದರ ಕಥೆ ಹೇಳುತ್ತಿದ್ದಳು. ದಿಂಬಿನ ಚೀಲಗಳು ಮುಗಿಯುವ ಹೊತ್ತಿಗೆ ನರ್ಸ್ ಹುಡುಗಿ ಆ ಪಾಳು ಬಂಗಲೆಯ ಗೇಟಿನ ಮುಂದೆ ಗಾಡಿಯಿಂದ ಇಳಿದಿರುತ್ತಿದ್ದಳು. ಹೊದಿಕೆಯ ಎರಡು ತುದಿ ನನ್ನ ಕೈಗೆ ಕೊಟ್ಟು ಎಳೆಯುವಾಗ ಮೇಲ್ಮಹಡಿಯ ಕಿಟಕಿಯಲ್ಲಿ ದೀಪ ಓಡಾಡುತ್ತಿತ್ತು. ದೊಡ್ಡಪ್ಪನ ಅಂಗಿಗಳಿಗೆ ಬಂದರೆ ಇಂಟರ್‌ವೆಲ್. ಅಲ್ಲಿ ಅವಳು ಬಟ್ಟೆ ಬದಿಗಿಟ್ಟು ನನ್ನ ಮೊಣಕೈ ಹಿಡಿಯುತ್ತಿದ್ದಳು.

“ಈಗ ಕೇಳು. ಇಷ್ಟೊತ್ತು ನಾವೇನು ಮಾಡ್ತಿದ್ವಿ? ಪಾಪದ ಹುಡುಗಿ, ಮಾತು ಬಿದ್ದುಹೋದ ಮುದುಕಿಗೆ ಗಂಜಿ ಕುಡಿಸೋಕೆ ಬಂದವಳು, ಈ ದೆವ್ವದಂಥ ಮನೇಲಿ ಇವಳ ಗತಿ ಏನಪ್ಪಾ ಅಂತ ಉಗುರು ಕಚ್ಕೊಂಡು ಕೂತಿದ್ವಿ. ಇಂಟರ್‌ವೆಲ್ ಆಗಿ ಲೈಟ್ ಆರಿದ ತಕ್ಷಣ ತೋರಿಸ್ತಾನೆ ನೋಡು! ಅವಳು ನರ್ಸೇ ಅಲ್ಲ. ಆ ಮನೇಲಿ ಸತ್ತುಹೋದ ಸೊಸೆಯ ತಂಗಿ. ಅಕ್ಕನ್ನ ಕೊಂದೋರು ಯಾರು ಅಂತ ಹುಡುಕಿ ಮುಗಿಸೋಕೆ ಬಂದಿದ್ದಾಳೆ. ಪೆಟ್ಟಿಗೆ ತಳದಲ್ಲಿ ವಿಷದ ಸೀಸೆ! ಮೊದಲು ನಡೆದಿದ್ದನ್ನ ತಂದು ಮಧ್ಯದಲ್ಲಿ ಇಟ್ಟಿದ್ದಾನಲ್ಲ, ಆ ನಿರ್ದೇಶಕನ ತಲೆ ಯಾರಿಗಿದೆ ಹೇಳು?”

ಯಾರಿಗೂ ಇಲ್ಲ ಎಂದು ನಾನು ಹೇಳಬೇಕು. ಹೇಳುತ್ತಿದ್ದೆ. ಈ ಮಾತು ಬಂದಾಗ ದೊಡ್ಡಪ್ಪ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಕೇಳಿ ಕೇಳಿ ಬೇಸತ್ತಿದ್ದಾನೆ ಎಂದುಕೊಂಡಿದ್ದೆ.

ಇಬ್ಬರೂ ಮದುವೆಗೆ ಮೊದಲು ಒಂದೇ ಟಾಕೀಸಿನಲ್ಲಿ ಕೆಲಸ ಮಾಡಿದವರು. ಅವನು ಮೇಲೆ ಪ್ರೊಜೆಕ್ಟರ್ ರೂಮಿನಲ್ಲಿ ಆಪರೇಟರ್, ಅವಳು ಕೆಳಗೆ ಟಿಕೆಟ್ ಕಿಂಡಿಯ ಹಿಂದೆ. ಟಾಕೀಸು ಮುಚ್ಚಿ ಎಷ್ಟೋ ಕಾಲವಾಗಿದೆ. ಆ ಕಟ್ಟಡದಲ್ಲಿ ಈಗ ಸೋಫಾ ಮಾರುತ್ತಾರೆ. ದೊಡ್ಡಪ್ಪ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಮಾಡುತ್ತಾನೆ. ಮಾತು ಕಡಿಮೆ. ಅವನ ಪಾಲಿನದನ್ನೂ ದೊಡ್ಡಮ್ಮನೇ ಆಡುತ್ತಾಳೆ. “ನಿನ್ನ ದೊಡ್ಡಪ್ಪನ ಬಾಯಿಂದ ಮಾತು ತೆಗೀಬೇಕಾದ್ರೆ ಇಕ್ಕಳ ಹಿಡ್ಕೊಂಡು ಹೋಗ್ಬೇಕು” ಎನ್ನುತ್ತಾಳೆ. ಓದಲೆಂದು ಚಿಕ್ಕಂದಿನಲ್ಲೇ ಅವರ ಮನೆಗೆ ಬಂದವಳು ನಾನು; ಕೆಲಸವೂ ಅದೇ ಊರಲ್ಲಿ ಸಿಕ್ಕಿದ್ದರಿಂದ ಓದು ಮುಗಿದ ಮೇಲೂ ಅಲ್ಲೇ ಉಳಿದೆ. ಲೈಬ್ರರಿಯಲ್ಲಿ ಸಹಾಯಕಿ. ಪುಸ್ತಕ ಕೊಡುವುದು, ಪುಸ್ತಕ ತಗೊಳ್ಳುವುದು, ನಿದ್ದೆ ಮಾಡುವವರನ್ನು ಎಬ್ಬಿಸುವುದು. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಪೇಪರ್ ಓದುವ ಹಾಲಿನಲ್ಲಿ ಹಳೆಯ ಸಿನಿಮಾ ತೋರಿಸುವುದೂ ನನ್ನ ತಲೆಗೇ ಬಂದಿತ್ತು. ನಾನಾಗಿ ಎಳೆದುಕೊಂಡದ್ದು ಅದೊಂದೇ.

ದೊಡ್ಡಮ್ಮನ ಸಿನಿಮಾವನ್ನು ಲೈಬ್ರರಿಯ ಪುಸ್ತಕಗಳಲ್ಲಿ ಹುಡುಕಿದ್ದೆ. ಚಿತ್ರರಂಗದ ಇತಿಹಾಸ ಎಂದು ಇಟ್ಟಿಗೆಯಷ್ಟು ದಪ್ಪದ ಪುಸ್ತಕಗಳಿವೆ. ಒಂದರಲ್ಲಿ ಮಾತ್ರ ಹೆಸರು ಸಿಕ್ಕಿತು, “ಅದೇ ವರ್ಷ ಬಂದು ಹೋದ ಸಾಧಾರಣ ಪತ್ತೇದಾರಿ ಚಿತ್ರ” ಎಂದು. ಬೇರೆ ಊರುಗಳಲ್ಲಿ ಒಂದು ವಾರವೂ ಓಡಲಿಲ್ಲವಂತೆ. ನಮ್ಮ ಟಾಕೀಸಿನಲ್ಲಿ ಮಾತ್ರ ಜನ ಮುಗಿಬಿದ್ದಿದ್ದರು. “ಆ ಪುಸ್ತಕ ಬರೆದವನಿಗೆ ಕಣ್ಣಿಲ್ಲ” ಎಂದು ದೊಡ್ಡಮ್ಮ ಒಂದೇ ಮಾತಿಗೆ ಆ ಇತಿಹಾಸಕಾರನನ್ನು ಮುಗಿಸಿದಳು.

ಹಳೆಯ ಚಿತ್ರಗಳನ್ನು ತೊಳೆದು ಒಪ್ಪಮಾಡಿ ಇಡುವ ಭಂಡಾರವೊಂದಿದೆ. ಲೈಬ್ರರಿಗಳಿಗೆ ತೋರಿಸಲು ಪ್ರತಿ ಕೊಡುತ್ತಾರೆ. ಅವರ ಹೊಸ ಪಟ್ಟಿಯಲ್ಲಿ ‘ಮೇಲ್ಮಹಡಿಯ ದೀಪ’ ಕಂಡಾಗ ಊಟದ ಹೊತ್ತಿಗೂ ಕಾಯದೆ ಓಡಿ ಮನೆಗೆ ಬಂದು ಹೇಳಿದೆ. ದೊಡ್ಡಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, ಸೀದಾ ಬೀದಿಗೆ ಹೋದಳು. ಸಂಜೆಯಷ್ಟರಲ್ಲಿ ಎದುರು ಮನೆಯ ದರ್ಜಿಯಿಂದ ಮೂಲೆಯ ಔಷಧಿ ಅಂಗಡಿಯವನವರೆಗೆ ಎಲ್ಲರಿಗೂ ಭಾನುವಾರದ ಆಜ್ಞೆ ತಲುಪಿತ್ತು.

“ಸಾಧಾರಣ ಅಂತ ಪುಸ್ತಕದಲ್ಲೇ ಬರೆದಿದೆಯಂತಲ್ಲ, ಚೆನ್ನಾಗಿಲ್ಲ ಅಂದ್ರೆ?” ಎಂದ ದರ್ಜಿ. ಅವನಿಗೆ ದೊಡ್ಡಮ್ಮನನ್ನು ಕೆಣಕದಿದ್ದರೆ ಹೊಲಿಗೆ ನೆಟ್ಟಗೆ ಬರುವುದಿಲ್ಲ.

“ಚೆನ್ನಾಗಿಲ್ಲ ಅಂದ್ರೆ ಈ ಜನ್ಮದಲ್ಲಿ ಇನ್ನೊಂದು ಸಿನಿಮಾದ ಬಗ್ಗೆ ಬಾಯಿ ಬಿಡಲ್ಲ. ಸಾಕಾ?”

“ಹಾಗಾದ್ರೆ ಚೆನ್ನಾಗಿಲ್ದೇ ಇರ್ಲಿ ಅಂತ ಹರಕೆ ಹೊರ್ತೀನಿ.”

ಪ್ರತಿ ಬಂದದ್ದು ವಾರದ ಮಧ್ಯದಲ್ಲಿ. ಓದುಗರಿಲ್ಲದ ಹೊತ್ತು ನೋಡಿ ಕಂಪ್ಯೂಟರಿನಲ್ಲಿ ಹಾಕಿದೆ. ಟೈಟಲ್ ಮುಗಿಯಿತು. ಗೇಟು ಬರಬೇಕು, ಗಾಡಿ ಬರಬೇಕು. ಬರಲಿಲ್ಲ. ಒಂದು ಸಣ್ಣ ಕೋಣೆ. ಅಕ್ಕನ ಫೋಟೋದ ಮುಂದೆ ಹುಡುಗಿ ನಿಂತಿದ್ದಾಳೆ. ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಡುತ್ತಾಳೆ. ನರ್ಸಿನ ಬಿಳಿ ಬಟ್ಟೆ ತೊಟ್ಟು ಕನ್ನಡಿಯಲ್ಲಿ ನಗುವುದನ್ನು ಕಲಿಯುತ್ತಾಳೆ. ಇಂಟರ್‌ವೆಲ್ ಆದ ಮೇಲೆ ಬರಬೇಕಾದದ್ದೆಲ್ಲ ಮೊದಲಿಗೇ ಬಂದು ಕೂತಿತ್ತು. ಗುಟ್ಟೇ ರಟ್ಟು.

ಭಂಡಾರದವರಿಗೆ ಫೋನ್ ಮಾಡಿ ಬೈದೆ. ಇಷ್ಟು ಹಣ ಸುರಿದು ತೊಳೀತೀರಿ, ರೀಲು ಯಾವುದರ ಹಿಂದೆ ಯಾವುದು ಅಂತ ನೋಡೋಕಾಗಲ್ವಾ ಎಂದೆ. ಆ ಕಡೆಯವನು ತಾಳ್ಮೆಯ ಮನುಷ್ಯ.

“ಪ್ರತಿ ರೀಲಿನ ತಲೇಲಿ ನಂಬರ್ ಇರುತ್ತಮ್ಮ. ಬರೆದಿಟ್ಟ ಚಿತ್ರಕಥೇಲೂ ಇದೇ ಕ್ರಮ. ನೀವು ಬೇರೆ ಥರ ಎಲ್ಲಿ ನೋಡಿದ್ರಿ?”

“ನಾನು ನೋಡಿಲ್ಲ. ನಮ್ಮ ದೊಡ್ಡಮ್ಮ ಬಟ್ಟೆ ಮಡಿಸ್ತಾ ಹೇಳಿದ್ದು.”

“ಹಾಗಾದ್ರೆ ದೊಡ್ಡಮ್ಮನ್ನೇ ಕೇಳಿ” ಎಂದು ಫೋನ್ ಇಟ್ಟ.

ನಾನು ದೊಡ್ಡಮ್ಮನನ್ನು ಕೇಳಲಿಲ್ಲ. ಆ ಸಿನಿಮಾ ಓಡಿಸಿದವನು ಶೆಡ್ಡಿನಲ್ಲೇ ಇದ್ದನಲ್ಲ. ಟೇಬಲ್ ಫ್ಯಾನೊಂದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಭಂಡಾರದವರ ಪೆದ್ದುತನವನ್ನು ರಸವತ್ತಾಗಿ ವರ್ಣಿಸಿದೆ. ದೊಡ್ಡಪ್ಪ ಸ್ಕ್ರೂ ಒಂದನ್ನು ಬಾಯಿಯಿಂದ ತೆಗೆದು ಮುಚ್ಚಳದಲ್ಲಿಟ್ಟ.

“ಅವರದ್ದು ಸರಿ ಇದೆ” ಎಂದ.

“ಮತ್ತೆ ದೊಡ್ಡಮ್ಮ ನೋಡಿದ್ದು?”

“ಅದು ನಾನು ಮಾಡಿದ್ದು.”

ಇಕ್ಕಳ ಬೇಕಾಯಿತು. ಒಂದೊಂದೇ ಎಳೆದೆ. ಟಿಕೆಟ್ ಕಿಂಡಿಯವಳು ಸಿನಿಮಾ ನೋಡಬಹುದಿತ್ತು, ಆದರೆ ಮೊದಲಿನಿಂದ ಅಲ್ಲ. ತಡವಾಗಿ ಬರುವವರಿಗೆ ಟಿಕೆಟ್ ಕೊಡಲು ಕೂತಿರಬೇಕು. ಕಿಂಡಿ ಮುಚ್ಚಿ, ಲೆಕ್ಕ ಒಪ್ಪಿಸಿ ಓಡಿ ಬರುವಷ್ಟರಲ್ಲಿ ಮೊದಲನೇ ರೀಲು ಮುಗಿದಿರುತ್ತಿತ್ತು.

“ಯಾವ ಸಿನಿಮಾದ ತಲೆಯೂ ಅವಳು ನೋಡಿದವಳಲ್ಲ” ಎಂದ ದೊಡ್ಡಪ್ಪ. “ಕತ್ತಲೇಲಿ ಬಂದು ಗೇಟ್‌ಕೀಪರ್‌ನ ಕೇಳೋಳು, ‘ಇವಳ್ಯಾರು, ಅವನ್ಯಾಕೆ ಅಳ್ತಿದ್ದಾನೆ’ ಅಂತ. ಅವನು ರೇಗೋನು. ಮೇಲಿನ ತೂತಿಂದ ನನಗೆ ಕಾಣ್ತಿತ್ತು. ಈ ಸಿನಿಮಾದ ಡಬ್ಬಿ ಬಂದಾಗ ಬೆಳಿಗ್ಗೆ ಒಬ್ನೇ ಓಡಿಸಿ ನೋಡ್ದೆ. ಮೊದಲನೇ ರೀಲಲ್ಲೇ ಪ್ರಾಣ ಇದೆ. ಅದು ತಪ್ಪಿದ್ರೆ ಇವಳಿಗೆ ತಲೆಬುಡ ಗೊತ್ತಾಗಲ್ಲ. ಟೈಟಲ್ ತುಂಡು ಕತ್ತರಿಸಿ ಎರಡನೇ ರೀಲಿನ ತಲೆಗೆ ಅಂಟಿಸ್ದೆ. ಮೊದಲನೇದನ್ನ ಇಂಟರ್‌ವೆಲ್ ಆದ ಮೇಲೆ ಹಾಕ್ದೆ. ಎರಡನೇದು ಹೆಚ್ಚೂಕಮ್ಮಿ ಬರೀ ಗಾಡಿ ಪ್ರಯಾಣ, ಅವಳಿಗೆ ತಪ್ಪಿದ್ರೂ ನಷ್ಟ ಇರ್ಲಿಲ್ಲ.”

“ಅವಳು ನೋಡ್ಲಿ ಅಂತ?”

“ಹೂಂ.”

“ಆಗ ನಿಮಗೆ ಮದುವೆ ಮಾತು ನಡೆದಿತ್ತಾ?”

“ಮಾತೇ ನಡೆದಿರ್ಲಿಲ್ಲ, ಇನ್ನು ಮದುವೆ ಮಾತು!”

ಜನ ಅದನ್ನು ಹಿಂದಿನ ಕಥೆ ಎಂದು ತಿಳಿದರು. ಮಾಲೀಕ ತನ್ನ ಟಾಕೀಸಿನಲ್ಲಿ ಸಿನಿಮಾ ನೋಡುವ ಅಭ್ಯಾಸದವನಲ್ಲ. ಓಟ ಮುಗಿದ ಮೇಲೆ ದೊಡ್ಡಪ್ಪ ಟೈಟಲ್ ತುಂಡನ್ನು ಕಿತ್ತು ಮೊದಲಿದ್ದಲ್ಲೇ ಅಂಟಿಸಿ ಡಬ್ಬಿ ವಾಪಸ್ ಕಳಿಸಿದ. ಪ್ರಪಂಚದಲ್ಲಿ ಯಾರಿಗೂ ಗೊತ್ತಾಗಲಿಲ್ಲ.

“ದೊಡ್ಡಮ್ಮ ಏನಂದ್ಲು ಆವತ್ತು?”

“ಆಟ ಮುಗಿದ ತಕ್ಷಣ ಮೆಟ್ಟಿಲು ಹತ್ತಿ ಓಡಿ ಬಂದ್ಲು. ಏದುಸಿರು. ‘ಇದನ್ನ ಮಾಡಿದವನು ಎದುರಿಗೆ ಸಿಕ್ರೆ ಕಣ್ಣು ಮುಚ್ಕೊಂಡು ಮದುವೆ ಆಗ್ತೀನಿ’ ಅಂದ್ಲು.”

“ನೀನು?”

“ಬಾಗಿಲು ಹಾಕು, ಬೆಳಕು ಬರುತ್ತೆ ಅಂದೆ.”

ನಾನು ನಕ್ಕೆ. ಅವನು ನಗಲಿಲ್ಲ. ಫ್ಯಾನಿನ ರೆಕ್ಕೆಯನ್ನು ಒಂದು ಸುತ್ತು ತಿರುಗಿಸಿ ಬಿಟ್ಟ.

“ಆಗ ಹೇಳಿದ್ರೆ ಕೆಲಸ ಹೋಗ್ತಿತ್ತು. ಆಮೇಲೆ ಅವಳು ಕಂಡಕಂಡವರ ಹತ್ರ ಆ ನಿರ್ದೇಶಕನ್ನ ಹೊಗಳೋಕೆ ಶುರು ಮಾಡಿದ್ಲು. ಅಷ್ಟು ಹೊಗಳಿದ ಮೇಲೆ ಅದು ನಾನೇ ಅಂತ ಹ್ಯಾಗೆ ಹೇಳೋದು? ನನ್ನದಲ್ಲದ್ದು ನನ್ನದು ಅಂದ ಹಾಗೆ. ಈಗ ನೋಡು, ಇಡೀ ಬೀದೀನ ಕಟ್ಕೊಂಡು ಬರ್ತಾಳೆ. ಮಧ್ಯದಲ್ಲಿ ಬರುತ್ತೆ ನೋಡಿ ಅಂತಾಳೆ. ಅದು ಮೊದಲಿಗೇ ಬರುತ್ತೆ. ಎಲ್ಲರ ಎದುರು ಅವಳ ಮುಖ ಸಣ್ಣದಾಗುತ್ತೆ. ಆ ದರ್ಜಿ ಸಾಯೋವರೆಗೂ ಬಿಡಲ್ಲ. ನಿನ್ನ ಕಂಪ್ಯೂಟರಲ್ಲಿ ಹಿಂದೆ ಮುಂದೆ ಮಾಡೋಕಾಗಲ್ವಾ?”

“ಆಗುತ್ತೆ. ಮಾಡಬಾರ್ದು.”

“ಯಾಕೆ?”

ಯಾಕೆಂದರೆ ಅದು ಇನ್ನೊಬ್ಬನ ಸಿನಿಮಾ. ಯಾರೂ ನೆನಪಿಟ್ಟುಕೊಳ್ಳದ ಸಿನಿಮಾ. ಇಷ್ಟು ಕಾಲವಾದ ಮೇಲೆ ಒಮ್ಮೆ ಸರಿಯಾಗಿ ತೋರಿಸುವ ಅವಕಾಶ ಬಂದಾಗ ನಾನೂ ಕತ್ತರಿ ಹಿಡಿಯಬೇಕೆ? ಇದನ್ನೆಲ್ಲ ಸ್ವಲ್ಪ ಭಾಷಣದಂತೆಯೇ ಹೇಳಿದೆ.

“ಯಾರೂ ಅಂದ್ರೆ? ನಿನ್ನ ದೊಡ್ಡಮ್ಮ ನೆನಪಿಟ್ಕೊಂಡಿದ್ದಾಳಲ್ಲ” ಎಂದ ದೊಡ್ಡಪ್ಪ.

ಆ ಚಿತ್ರಕ್ಕೆ ಜಗತ್ತಿನಲ್ಲಿದ್ದ ಒಬ್ಬಳೇ ಅಭಿಮಾನಿ ಅದನ್ನು ಮೆಚ್ಚಿದ್ದು ಅದು ತಪ್ಪಾಗಿದ್ದುದರಿಂದ. ಎರಡು ಪ್ರತಿ ಮಾಡಿದೆ, ಒಂದು ಭಂಡಾರದವರದ್ದು, ಒಂದು ದೊಡ್ಡಪ್ಪನದ್ದು. ಅವನದನ್ನು ಜೋಡಿಸುವಾಗ ಅವನ ಕೈಚಳಕ ಗೊತ್ತಾಯಿತು. ಮೊದಲ ಭಾಗ ಮುಗಿಯುವುದು ನರ್ಸ್ ತನ್ನ ಕೋಣೆಯ ಚಿಲಕ ಹಾಕಿ ಪೆಟ್ಟಿಗೆಯ ಮುಂದೆ ಮಂಡಿಯೂರುವಲ್ಲಿ. ಅಲ್ಲಿಗೆ ಮೊದಲನೇ ರೀಲು ತಂದಿಟ್ಟರೆ ಅದೇ ಪೆಟ್ಟಿಗೆ, ಅದೇ ಕೈ, ಸೀಸೆ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಿಕೊಳ್ಳುತ್ತಿತ್ತು.

ಆ ನಿರ್ದೇಶಕನೂ ಸಾಮಾನ್ಯನಲ್ಲ. ಅವನ ಹತ್ತಿರ ಬಂಗಲೆಯೇ ಇರಲಿಲ್ಲ ಎಂದು ಕಾಣುತ್ತದೆ. ಒಂದೇ ಕಾರಿಡಾರ್, ಒಂದೇ ಮೆಟ್ಟಿಲು. ಕ್ಯಾಮೆರಾವನ್ನು ಅಲ್ಲಿ ಇಲ್ಲಿ ಇಟ್ಟು, ಕಂಬಿಗಳ ನೆರಳನ್ನು ಗೋಡೆಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಚೆಲ್ಲಿ, ಇಡೀ ಮನೆ ಕಟ್ಟಿಬಿಟ್ಟಿದ್ದಾನೆ. ಹೆದರಿಸಲು ಚೀರಾಟವಿಲ್ಲ. ಬಟ್ಟಲಿಗೆ ಚಮಚ ತಾಗುವ ಸದ್ದಿದೆ. ಮುದುಕಿ ಮಲಗಿದ್ದರೆ ಕ್ಯಾಮೆರಾವೂ ಅವಳ ದಿಂಬಿನ ಮಟ್ಟಕ್ಕೇ ಇಳಿಯುತ್ತದೆ. ಬರುವವರೆಲ್ಲ ಅವಳಿಗೆ ಕಂಡಂತೆ ನಮಗೂ ಮೇಲಿನಿಂದ ಬಗ್ಗುತ್ತಾರೆ. “ಸಾಧಾರಣ ಪತ್ತೇದಾರಿ ಚಿತ್ರ” ಎಂದು ಬರೆದವನು ಇದನ್ನು ನೋಡಿಯೇ ಬರೆದನೋ ಪೋಸ್ಟರ್ ನೋಡಿ ಬರೆದನೋ ದೇವರೇ ಬಲ್ಲ. ಆದರೆ ನಾನೂ ಆ ವಾರ ನೋಡಿದ್ದಕ್ಕಿಂತ ಹೊಲಿಗೆ ಕೂಡಿದೆಯೇ ಎಂದು ಪರೀಕ್ಷೆ ಮಾಡಿದ್ದೇ ಹೆಚ್ಚು. ಯಾವುದನ್ನು ಹಾಕುವುದೆಂದು ಭಾನುವಾರದವರೆಗೂ ತೀರ್ಮಾನಿಸಲಿಲ್ಲ. ದೊಡ್ಡಪ್ಪ ದಿನವೂ ಊಟದ ನಡುವೆ ತಲೆಯೆತ್ತಿ ನನ್ನನ್ನು ನೋಡುತ್ತಿದ್ದ. ನಾನು ತಟ್ಟೆ ನೋಡುತ್ತಿದ್ದೆ.

ಭಾನುವಾರ ಪೇಪರ್ ಮೇಜುಗಳನ್ನು ಗೋಡೆಗೆ ಸರಿಸಿ, ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿದೆ. ಎಂದೂ ಅರ್ಧಕ್ಕಿಂತ ಹೆಚ್ಚು ತುಂಬದ ಹಾಲು ಅಂದು ತುಂಬಿತು. ದೊಡ್ಡಮ್ಮ ಇಸ್ತ್ರಿ ಬಟ್ಟೆಯಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತಳು, ಮತ್ತೆ ಎದ್ದಳು. ಯಾರೂ ಕರೆಯದಿದ್ದರೂ ಪರದೆಯ ಮುಂದೆ ನಿಂತಳು.

“ಎಲ್ಲರೂ ಕೇಳಿ. ಮೊದಲ ಭಾಗ ಸುಮ್ನೆ ನೋಡಿ. ಏನೂ ಊಹೆ ಮಾಡ್ಬೇಡಿ. ಇಂಟರ್‌ವೆಲ್ ಆದ ಮೇಲೆ ಒಂದು ಬರುತ್ತೆ. ಅದು ಬಂದಾಗ ನನ್ನ ನೆನೆಸ್ಕೊಳ್ಳಿ.”

“ಇಂಟರ್‌ವೆಲ್ಲಿನವರೆಗೆ ನಿದ್ದೆ ಮಾಡ್ಬಹುದಾ?” ಎಂದ ದರ್ಜಿ.

“ನೀನು ಎಚ್ಚರವಾಗಿದ್ರೂ ಅಷ್ಟೇ.”

ಜನ ನಕ್ಕರು. ಆ ನಗುವಿನ ನಡುವೆ ದೊಡ್ಡಪ್ಪ ತನ್ನ ಕುರ್ಚಿಯಿಂದ ಎದ್ದು, ಹಾಲಿನ ಉದ್ದಕ್ಕೂ ನಡೆದು, ಹಿಂದೆ ನನ್ನ ಮೇಜಿನ ಹತ್ತಿರ ಬಂದ. ಕಂಪ್ಯೂಟರನ್ನು, ಪುಟಾಣಿ ಪ್ರೊಜೆಕ್ಟರನ್ನು ಒಮ್ಮೆ ನೋಡಿದ. ಇಷ್ಟೇನಾ ಎನ್ನುವ ನೋಟ.

“ಸರಿಯಾದ್ದನ್ನೇ ಹಾಕು” ಎಂದ.

“ಬೇಡ ಅಂತಿದ್ದವನು ನೀನೇ ಅಲ್ವಾ? ಅವಳು ಈಗ ತಾನೆ ಎಲ್ಲರಿಗೂ ಹೇಳಿಬಿಟ್ಲು.”

“ಕೇಳಿಸ್ತು.” ಅವನು ಮುಂದಿನ ಸಾಲಿನ ಕಡೆ ನೋಡಿದ. ದೊಡ್ಡಮ್ಮ ಕೂತು ಬಟ್ಟೆ ಸರಿಮಾಡಿಕೊಳ್ಳುತ್ತಿದ್ದಳು. “ಇವತ್ತು ಮೊದಲಿಂದ ಕೂತಿದ್ದಾಳಲ್ಲ. ಆವತ್ತು ಅದಕ್ಕೇ ಅಲ್ವಾ ನಾನು ಮಾಡಿದ್ದು. ಈಗ ಇನ್ಯಾಕೆ?”

“ಜನರ ಎದುರು?”

“ಅದು ನಾನು ನೋಡ್ಕೋತೀನಿ.”

ನೋಡಿಕೊಳ್ಳುವುದೆಂದರೆ ಏನೆಂದು ಕೇಳುವ ಮೊದಲೇ ಹೋಗಿ ಅವಳ ಪಕ್ಕದಲ್ಲಿ ಕೂತಿದ್ದ. ಲೈಟ್ ಆರಿಸಿದೆ. ಭಂಡಾರದವರದ್ದನ್ನೇ ಹಾಕಿದೆ.

ಟೈಟಲ್ ಮುಗಿದು ಸಣ್ಣ ಕೋಣೆ ಬಂತು. ಫೋಟೋ ಬಂತು. ದೊಡ್ಡಮ್ಮನ ಬೆನ್ನು ನೆಟ್ಟಗಾಯಿತು. ಸೀಸೆ ಬರುವಷ್ಟರಲ್ಲಿ ಅವಳು ತಿರುಗಿ ಕೂಗಿದಳು.

“ಏ ಹುಡುಗೀ! ರೀಲು ಅದಲುಬದಲಾಗಿದೆ! ನಿಲ್ಲಿಸೇ, ಇದು ಈಗ ಬರೋದಲ್ಲ!”

“ಇದೇನಾ ಇಂಟರ್‌ವೆಲ್ಲಲ್ಲಿ ಬರುತ್ತೆ ಅಂದಿದ್ದು?” ದರ್ಜಿಯ ದನಿ. “ಬಾಗಿಲಲ್ಲೇ ಹೇಳಿಬಿಟ್ನಲ್ಲಮ್ಮ ನಿನ್ನ ಬುದ್ಧಿವಂತ! ಇನ್ನು ನೋಡೋದೇನು, ಮನೆಗೆ ಹೋಗಣ್ವಾ?”

ಈ ಸಲ ನಗು ಅವಳ ಮೇಲೆ ಬಿತ್ತು. ದೊಡ್ಡಮ್ಮನ ಬಾಯಿ ತೆರೆದೇ ಇತ್ತು, ಮಾತು ಬರಲಿಲ್ಲ. ಅವಳಿಗೆ ಮಾತು ಬಾರದ್ದನ್ನು ನಾನು ನೋಡಿದ್ದು ಅದೇ ಮೊದಲು. ನೋಡಲಾಗಲಿಲ್ಲ. ನಿಲ್ಲಿಸುವ ಗುಂಡಿಯತ್ತ ಕೈ ಚಾಚಿದೆ.

ದೊಡ್ಡಪ್ಪ ಎದ್ದು ನಿಂತ. ಪ್ರೊಜೆಕ್ಟರಿನ ಬೆಳಕು ಅವನ ಬೋಳುತಲೆಯ ಮೇಲೆ ಬಿದ್ದು, ಅದರ ನೆರಳು ಪರದೆಯಲ್ಲಿ ನರ್ಸಿನ ಪೆಟ್ಟಿಗೆಯನ್ನು ಮುಚ್ಚಿತು. ಆ ಹಾಲಿನಲ್ಲಿದ್ದ ಯಾರೂ ಅವನು ಗುಂಪಿನಲ್ಲಿ ಮಾತಾಡಿದ್ದನ್ನು ಕೇಳಿದವರಲ್ಲ.

“ಅದಲುಬದಲಾಗಿಲ್ಲ” ಎಂದ. “ಇದೇ ಸರಿ. ನಮ್ಮ ಟಾಕೀಸಲ್ಲಿ ಓಡಿದ್ದು ತಪ್ಪು. ಅದಲುಬದಲು ಮಾಡಿದ್ದು ನಾನು. ಅವಳು ಇಷ್ಟು ವರ್ಷ ಹೇಳಿದ್ದು ಸುಳ್ಳಲ್ಲ, ನಾನು ತೋರಿಸಿದ್ದನ್ನ ಹೇಳಿದ್ಲು. ನಗೋದಾದ್ರೆ ನನ್ನ ನೋಡಿ ನಗಿ.”

ಪರದೆಯ ಮೇಲೆ, ಅವನ ತಲೆಯ ಸುತ್ತ, ಹುಡುಗಿ ಕನ್ನಡಿಯಲ್ಲಿ ನಗುವುದನ್ನು ಕಲಿಯುತ್ತಿದ್ದಳು.

“ಯಾಕೆ ಮಾಡಿದ್ರಿ?” ಎಂದಳು ದೊಡ್ಡಮ್ಮ. ದನಿ ಬಹಳ ಸಣ್ಣಗಿತ್ತು.

“ನೀನು ಕಿಂಡಿ ಮುಚ್ಚಿ ಬರೋಷ್ಟರಲ್ಲಿ ಮೊದಲನೇ ರೀಲು ಮುಗಿದುಹೋಗ್ತಿತ್ತಲ್ಲ.”

ಹಿಂದೆ ಯಾರೋ ಕೆಮ್ಮಿದರು. ದೊಡ್ಡಮ್ಮ ಗಂಡನನ್ನು ಕೆಳಗಿನಿಂದ ಮೇಲಕ್ಕೆ, ಹೊಸಬರನ್ನು ನೋಡುವಂತೆ, ಬಹಳ ಹೊತ್ತು ನೋಡಿದಳು.

“ಕೂತ್ಕೊಳ್ಳಿ” ಎಂದಳು. “ಹಿಂದಿನವರಿಗೆ ಕಾಣ್ತಿಲ್ಲ.”

ಅವನು ಕೂತ. ನಾನ್ಯಾಕೆ ನಿಲ್ಲಿಸಲಿಲ್ಲವೋ ಗೊತ್ತಿಲ್ಲ. ಸಿನಿಮಾ ಓಡುತ್ತಲೇ ಇತ್ತು.

ಆಮೇಲೆ ನಾನು ನೋಡಿದ್ದು ಪರದೆಯನ್ನಲ್ಲ, ಅವಳನ್ನು. ಗಾಡಿ ಬಂತು, ಗೇಟು ಬಂತು, ಮೇಲ್ಮಹಡಿಯಲ್ಲಿ ದೀಪ ಓಡಾಡಿತು. ದೊಡ್ಡಮ್ಮ ಅಲ್ಲಾಡಲಿಲ್ಲ. ನರ್ಸ್ ಮೊದಲ ಸಲ ಮುದುಕಿಯ ಪಕ್ಕದಲ್ಲಿ ಕೂತು ಬಟ್ಟಲಿನಲ್ಲಿ ಚಮಚ ಅದ್ದಿದಳು. ಅವಳ ಪೆಟ್ಟಿಗೆಯಲ್ಲಿ ಏನಿದೆಯೆಂದು ಈಗ ಎಲ್ಲರಿಗೂ ಗೊತ್ತು, ಮುದುಕಿಗೆ ಮಾತ್ರ ಗೊತ್ತಿಲ್ಲ. ಚಮಚ ಬಟ್ಟಲಿಗೆ ತಾಗಿದಾಗಲೆಲ್ಲ ಯಾರದೋ ಕುರ್ಚಿ ಕಿರ್ರೆನ್ನುತ್ತಿತ್ತು. ನಾನು ಕಂಪ್ಯೂಟರಿನಲ್ಲಿ ಎಷ್ಟು ಸಲ ಓಡಿಸಿದರೂ ಗಮನಿಸದೆ ದಾಟಿದ ಜಾಗ. ಮುದುಕಿಯ ತುಟಿಯಿಂದ ಗಂಜಿಯ ಹನಿಯೊಂದು ಗಲ್ಲಕ್ಕೆ ಇಳಿಯುತ್ತದೆ. ಹುಡುಗಿಯ ಕೈ ಅರ್ಧಕ್ಕೆ ನಿಲ್ಲುತ್ತದೆ. ಆಮೇಲೆ ತನ್ನ ಬಿಳಿ ಬಟ್ಟೆಯ ತುದಿಯಿಂದಲೇ ಅದನ್ನು ಒರೆಸುತ್ತಾಳೆ. ಅಷ್ಟೇ.

ದೊಡ್ಡಮ್ಮ ಗಂಡನ ಮೊಣಕೈ ಹಿಡಿದುಕೊಂಡಳು.

ನನ್ನ ಅಜ್ಜಿ, ದೊಡ್ಡಪ್ಪನ ಅಮ್ಮ, ಹಾಸಿಗೆ ಹಿಡಿದಾಗ ನಾನು ಸಣ್ಣವಳು. ಅಜ್ಜಿ ಒಳ್ಳೆಯ ಹೆಂಗಸಲ್ಲ. ಆರೋಗ್ಯವಾಗಿದ್ದಷ್ಟು ದಿನ ದೊಡ್ಡಮ್ಮನಿಗೆ ಒಂದು ತುತ್ತನ್ನೂ ನೆಮ್ಮದಿಯಾಗಿ ತಿನ್ನಲು ಬಿಟ್ಟವಳಲ್ಲ. ಹಾಸಿಗೆಯಲ್ಲೂ ಚಮಚ ಕಚ್ಚಿ ಹಿಡಿಯುತ್ತಿದ್ದಳು. “ಬಿಡೇ ಮುದುಕಿ, ನಿನ್ನ ಕೊಂದುಹಾಕ್ತೀನಿ” ಎಂದು ಬೈಯುತ್ತಲೇ ದೊಡ್ಡಮ್ಮ ಬಾಯಿ ಒರೆಸುತ್ತಿದ್ದಳು. ಬೈಗುಳ ಬೀದಿಗೆಲ್ಲ ಕೇಳುತ್ತಿತ್ತು. ಒರೆಸುವುದು ಮನೆಯೊಳಗಿದ್ದವರಿಗೆ ಮಾತ್ರ ಕಾಣುತ್ತಿತ್ತು.

ಇಂಟರ್‌ವೆಲ್ಲಿನಲ್ಲಿ ಅವರಿಬ್ಬರೂ ಏಳಲಿಲ್ಲ. ದರ್ಜಿ ಎರಡು ಲೋಟ ಟೀ ತಂದು, ಏನೂ ಹೇಳದೆ ಅವರ ಕೈಗೆ ಕೊಟ್ಟು ಹೋದ.

ಕೊನೆಯ ಭಾಗ ಹೀಗಿದೆ. ಮೇಲ್ಮಹಡಿಯ ದೀಪ ದೆವ್ವದ್ದಲ್ಲ. ಮನೆಯ ಮಗ ಸತ್ತ ಹೆಂಡತಿಯ ಕೋಣೆಯಲ್ಲಿ ದಿನವೂ ಹಚ್ಚಿಡುವುದು. ಕೊಂದವನು ಅವನಲ್ಲ. ಕೊಂದವಳು, ಮಾತು ಬೀಳುವ ಮೊದಲು, ಆ ಮುದುಕಿ. ಹುಡುಗಿಗೆ ಅದು ತಿಳಿಯುತ್ತದೆ. ಸೀಸೆಯಿಂದ ಬಟ್ಟಲಿಗೆ ಸುರಿಯುತ್ತಾಳೆ, ಚಮಚ ಅದ್ದುತ್ತಾಳೆ, ಬಗ್ಗುತ್ತಾಳೆ. ಮುದುಕಿ ಗೊತ್ತಾದವಳಂತೆ ತಾನಾಗಿ ಬಾಯಿ ತೆರೆಯುತ್ತಾಳೆ. ಹುಡುಗಿ ಬಟ್ಟಲನ್ನು ಕಿಟಕಿಯಾಚೆ ಚೆಲ್ಲಿ, ಪೆಟ್ಟಿಗೆ ಎತ್ತಿಕೊಂಡು, ಹಿಂದಿರುಗಿ ನೋಡದೆ ಗೇಟು ದಾಟುತ್ತಾಳೆ. ಮೇಲೆ ದೀಪ ಆರುತ್ತದೆ.

ನಾನು ಲೈಟ್ ಹಾಕಿದೆ. ಯಾರೂ ತಕ್ಷಣ ಏಳಲಿಲ್ಲ. ದರ್ಜಿ ಬಾಗಿಲ ಬಳಿ ನನ್ನ ಹತ್ತಿರ ನಿಂತು, “ಸಾಧಾರಣ ಅಂತ ಬರೆದಿದ್ದವನ ಹೆಸರೇನಂದೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ.

ಕುರ್ಚಿಗಳನ್ನು ಜೋಡಿಸಿ, ಬೀಗ ಹಾಕಿ ಹೊರಟಾಗ ಸಂಜೆ. ಅವರಿಬ್ಬರೂ ಹೊರಗೆ ನಿಂತು ಕಾದಿದ್ದರು. ನಡೆಯತೊಡಗಿದೆವು. ಸೋಫಾ ಅಂಗಡಿ ದಾಟುವವರೆಗೂ ದೊಡ್ಡಮ್ಮ ತುಟಿ ಬಿಚ್ಚಲಿಲ್ಲ. ದೊಡ್ಡಪ್ಪ ಒಮ್ಮೆ ನನ್ನನ್ನು, ಒಮ್ಮೆ ರಸ್ತೆಯನ್ನು ನೋಡುತ್ತಿದ್ದ.

“ಆ ನಿರ್ದೇಶಕ ಮಾಡಿದ್ದೇ ಸರಿ” ಎಂದಳು ಕೊನೆಗೆ.

“ಹೂಂ.”

“ಮೊದಲೇ ಗೊತ್ತಾಗಿದ್ರಿಂದ ನನಗೆ ಆ ಹುಡುಗಿ ಕೈ ಬಿಟ್ಟು ಬೇರೇನೂ ಕಾಣಲಿಲ್ಲ. ಕೊಲ್ಲೋಕೆ ಬಂದ ಕೈ ಕಣ್ರೀ ಅದು, ಒರೆಸ್ತಾ ಇದೆ. ನಿಮ್ಮದ್ರಲ್ಲಿ ಅದು ಬರೀ ನರ್ಸಿನ ಕೆಲಸ. ಎಷ್ಟು ಸಲ ನೋಡಿದ್ದೀನಿ, ಕಣ್ಣಿಗೇ ಬಿದ್ದಿರ್ಲಿಲ್ಲ.”

“ಹಾಗಾದ್ರೆ ನಾನು ಕೆಡಿಸಿದ್ದೆ.”

“ಕೆಡಿಸಿದ್ರಿ.” ಅವಳು ನಾಲ್ಕು ಹೆಜ್ಜೆ ನಡೆದಳು. “ನೀವು ಕೆಡಿಸದೇ ಇದ್ದಿದ್ರೆ ಕತ್ತಲಲ್ಲಿ ಬಂದು ನಿಂತು, ಇವಳ್ಯಾರು ಅಂತ ಕೇಳಿ, ಬೈಸ್ಕೊಂಡು, ಒಂದು ವಾರಕ್ಕೆ ಮರ್ತಿರ್ತಿದ್ದೆ. ಅದೂ ಸರೀನೇ.”

ದೊಡ್ಡಪ್ಪ ಉಸಿರು ಬಿಟ್ಟ. ಬಿಟ್ಟಿದ್ದು ಬೇಗವಾಯಿತು.

“ಅಲ್ಲಾರೀ,” ಎಂದು ಅವಳು ರಸ್ತೆಯ ಮಧ್ಯೆಯೇ ನಿಂತಳು. ಹಿಂದಿನಿಂದ ಬಂದ ಸೈಕಲ್ಲಿನವನು ಬೈದುಕೊಂಡು ಸುತ್ತಿ ಹೋದ. “ಮುಖ ಕಾಣದ ಗಂಡಸೊಬ್ಬನ್ನ ನಾನು ನಿಮ್ಮ ಎದುರಿಗೇ ಜೀವಮಾನವಿಡೀ ಹೊಗಳಿದೆ. ಮಂಚದ ಮೇಲೆ ಕೂತು ಹೊಗಳಿದೆ, ಊಟ ಬಡಿಸ್ತಾ ಹೊಗಳಿದೆ. ಕಲ್ಲಿನ ಹಾಗೆ ಕೇಳ್ಕೊಂಡು ಕೂತಿದ್ರಲ್ಲ, ನಿಮಗೆ ಏನೂ ಅನ್ನಿಸ್ತಿರ್ಲಿಲ್ವಾ?”

“ಅನ್ನಿಸ್ತಿತ್ತು.”

“ಏನು?”

ದೊಡ್ಡಪ್ಪ ಯೋಚಿಸಿದ. “ಚೆನ್ನಾಗಿ ಅನ್ನಿಸ್ತಿತ್ತು” ಎಂದ.

ದೊಡ್ಡಮ್ಮನ ಮುಖ ಒಂದು ಕ್ಷಣ ಎತ್ತ ಹೋಗಬೇಕೆಂದು ತಿಳಿಯದೆ ನಿಂತಿತು. ಆಮೇಲೆ ಅವಳು ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಅವನ ತೋಳಿಗೆ ಒಂದು ಗುದ್ದು ಕೊಟ್ಟಳು.

“ಇನ್ನೂ ಏನೇನು ಮಾಡಿದ್ದೀರಿ? ಈಗಲೇ ಹೇಳಿಬಿಡಿ.”

“ಏನಿಲ್ಲ.”

“ಸತ್ಯ ಹೇಳಿ.”

“ಒಂದು ಹಾಡು” ಎಂದ ದೊಡ್ಡಪ್ಪ. “ಬೇರೆ ಸಿನಿಮಾದ್ದು. ಆವತ್ತು ನೀನು ತಲೆನೋವು ಅಂತ ಕಿಂಡಿ ಮೇಲೆ ಹಣೆ ಇಟ್ಕೊಂಡು ಕೂತಿದ್ದೆ. ಆ ಹಾಡಲ್ಲಿ ಬರೀ ತಮಟೆ. ಮ್ಯಾಟಿನಿಯಲ್ಲಿ ಅದನ್ನ ಹಾರಿಸಿಬಿಟ್ಟೆ.”

“ಅಯ್ಯೋ! ಜನ ಸುಮ್ನಿದ್ರಾ?”

“ಕುರ್ಚಿ ಮುರಿದ್ರು.”

“ಆ ಗಲಾಟೆ ಅದಕ್ಕಾ! ಆ ಸದ್ದಿಗೆ ನನ್ನ ತಲೆನೋವು ಇನ್ನೂ ಜಾಸ್ತಿಯಾಗಿತ್ತು ಕಣ್ರೀ!”

“ಗೊತ್ತಾಯ್ತು” ಎಂದ ಅವನು. “ಅದಕ್ಕೇ ಆಮೇಲೆ ಮಾಡ್ಲಿಲ್ಲ. ಅಂದ್ರೆ, ಹಾಡಿಗೆ ಮಾಡ್ಲಿಲ್ಲ.”

“ಮತ್ತೆ ಯಾವುದಕ್ಕೆ?”

ದೊಡ್ಡಪ್ಪ ನನ್ನ ಕಡೆ ನೋಡಿದ. ದೊಡ್ಡಮ್ಮನೂ ನೋಡಿದಳು. ಕೈಚೀಲದಿಂದ ಬೀಗದಕೈ ತೆಗೆದು ನನ್ನ ಅಂಗೈಯಲ್ಲಿಟ್ಟಳು.

“ನೀನು ಮುಂದೆ ಹೋಗೇ. ಬಾಗಿಲು ತೆಗೆದು ಹಾಲು ಕಾಯಿಸಿಡು.”

ಮುಂದೆ ಹೋದೆ. ತಿರುವಿನವರೆಗೂ ಹಿಂದಿನಿಂದ ದೊಡ್ಡಪ್ಪನ ದನಿ ಕೇಳುತ್ತಿತ್ತು, ನಡುನಡುವೆ “ಆಮೇಲೆ?” ಎನ್ನುವ ದೊಡ್ಡಮ್ಮನ ದನಿ. ಬಾಗಿಲು ತೆಗೆದೆ, ಲೈಟ್ ಹಾಕಿದೆ, ಹಾಲು ಕಾಯಿಸಿದೆ. ಆರಿತು. ಮತ್ತೆ ಕಾಯಿಸಿದೆ. ಕಿಟಕಿಯಿಂದ ಬಗ್ಗಿ ನೋಡಿದರೆ ಅವರು ಇನ್ನೂ ದರ್ಜಿಯ ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ಮಾತಾಡುತ್ತಿದ್ದವನು ಅವನು.